ಇಂದಿನ ಚಿಂತನ: ಸೂಜಿ ಹಿಡಿದ ಕೈಗೆ ಎರಡನೇ ಶೀಲ



ಇವತ್ತಿನ ಚಿಂತನ ಸ್ವಲ್ಪ ಉದ್ದವಿದೆ. ಬಿಡುವಾದಾಗ ಓದಿ. ಮನೆಯಲ್ಲಿ ಹೊಲಿಗೆ ಮಾಡುವ ಅಕ್ಕತಂಗಿಯರಿದ್ದರೆ ಅವರಿಗೂ ಓದಿ ಹೇಳಿ.

ಖಜೂರಿ ಕಡೆಯ ಒಬ್ಬ ತಂಗಿ ಬಳಗದ ಮುಂದೆ ಒಂದು ಪ್ರಶ್ನೆ ಇಟ್ಟಿದ್ದಾಳೆ. ಆಕೆಯ ಮಗುವಿಗೆ ಎಂಟು ತಿಂಗಳು. ಕೂಸು ಮಲಗಿದಾಗ ಹೊಲಿಗೆ ಯಂತ್ರದ ಮುಂದೆ ಕೂಡುತ್ತಾಳೆ, ಎದ್ದಾಗ ಬಿಟ್ಟು ಏಳುತ್ತಾಳೆ. ಕೈಚೀಲ, ಮೊಬೈಲ್ ಚೀಲ, ಕೂಸಿನ ಕುಲಾವಿ, ಸಣ್ಣ ಲಂಗ ಹೊಲಿದು ಪರಿಚಯದವರಿಗೆ ಮಾರುತ್ತಾಳೆ. ಮೊಬೈಲಿನಲ್ಲಿ ಹ್ಮಾಂಗ್ ಎಂಬ ಗುಡ್ಡಗಾಡು ಜನರ ಕಸೂತಿಯ ಚಿತ್ರ ನೋಡಿದಳು. ನೀಲಿ ಬಟ್ಟೆಯ ಮೇಲೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಗೆರೆಗಳು. ನೋಡಿದರೆ ನಮ್ಮ ತಾಂಡಾದ ಲಂಬಾಣಿ ಕಸೂತಿಗೆ ದೂರದ ತಂಗಿಯ ಹಾಗೆ ಕಾಣುತ್ತದೆ. ಎರಡನ್ನೂ ಸೇರಿಸಿ ಒಂದು ಚೀಲ ಹೊಲಿದಳು. ಚಲೋ ಬಂತು, ನಾಲ್ಕು ಮಂದಿ ಕೇಳಿದರು. ಆಗ ಮನಸ್ಸಿಗೆ ಬಂದ ಪ್ರಶ್ನೆ ಇದು: "ಇದು ನನ್ನದಲ್ಲ. ಹ್ಮಾಂಗರದ್ದು, ಲಂಬಾಣಿಗರದ್ದು. ನಾನು ಹೊಲಿದು ಮಾರಿದ್ರ ಎರಡನೇ ಶೀಲ ಮುರದಂಗ ಆಗ್ತದೇನು?"

ಪ್ರಶ್ನೆ ಸಣ್ಣದು ಅಂತ ಕಂಡರೂ ಸಣ್ಣದಲ್ಲ. ಎರಡನೇ ಶೀಲವನ್ನು ನಾವು ಸಾಮಾನ್ಯವಾಗಿ "ಕದಿಯಬಾರದು" ಎಂದು ಅರ್ಥ ಮಾಡಿಕೊಳ್ಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಕಳ್ಳತನ ಮಾಡುವುದಿಲ್ಲ ಎಂಬ ಮಾತು ಇದೆ. ಆದರೆ ಪಾಲಿಯ ಶಬ್ದ ಇನ್ನೂ ವಿಶಾಲವಾಗಿದೆ. ಅದಿನ್ನಾದಾನ ಅಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಕದ್ದದ್ದೋ ಅಲ್ಲವೋ ಎಂಬುದಕ್ಕಿಂತ ಮೊದಲು ಅದು ಕೇಳುವುದು, "ಇದನ್ನು ನಿನಗೆ ಯಾರಾದರೂ ಕೊಟ್ಟರೇ?" ಎಂದು.

*ಧನಿಯನ ಕಟ್ಟಿಗೆ*

ವಿನಯಪಿಟಕದಲ್ಲಿ ಈ ನಿಯಮ ಹುಟ್ಟಿದ ಸಂದರ್ಭವನ್ನು ಹೇಳಿದ್ದಾರೆ. ಧನಿಯ ಎಂಬ ಭಿಕ್ಖು ಕುಂಬಾರರ ಮನೆಯ ಮಗ. ರಾಜಗೃಹದ ಹತ್ತಿರ ಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದ. ಅವನು ಭಿಕ್ಷೆಗೆ ಹೋದಾಗ ಹುಲ್ಲು ಕಟ್ಟಿಗೆಯವರು ಅದನ್ನು ಕಿತ್ತುಕೊಂಡು ಹೋದರು. ಹೀಗೆ ಮೂರು ಸಲ ಆಯಿತು. ಕೊನೆಗೆ ಅವನು ಅರಮನೆಯ ಕಟ್ಟಿಗೆ ದಾಸ್ತಾನಿಗೆ ಹೋಗಿ, "ರಾಜರು ನನಗೆ ಕಟ್ಟಿಗೆ ಕೊಟ್ಟಿದ್ದಾರೆ" ಎಂದು ಹೇಳಿ ತಂದು ಮನೆ ಕಟ್ಟಿಕೊಂಡ. ಅದು ನಗರದ ದುರಸ್ತಿಗೆಂದು ಕೂಡಿಟ್ಟ ಮರ. ವಿಷಯ ಬಿಂಬಿಸಾರ ರಾಜನ ತನಕ ಹೋಯಿತು. ರಾಜ ಕೇಳಿದ, "ನಾನು ಯಾವಾಗ ಕೊಟ್ಟೆ?" ಧನಿಯ ಹೇಳಿದ, "ಪಟ್ಟಾಭಿಷೇಕದ ದಿನ ಹುಲ್ಲು, ಕಟ್ಟಿಗೆ, ನೀರು ಶ್ರಮಣರಿಗೆ ಕೊಟ್ಟಿದ್ದೇನೆ ಅಂತ ತಾವೇ ಸಾರಿದ್ದಿರಿ." ರಾಜನ ಉತ್ತರದ ತಾತ್ಪರ್ಯ ಹೀಗಿದೆ: ಹೌದು, ಹಾಗೆ ಹೇಳಿದ್ದೆ. ಆದರೆ ಅದು ಕಾಡಿನಲ್ಲಿ ಯಾರ ವಶದಲ್ಲೂ ಇಲ್ಲದ ಹುಲ್ಲು ಕಟ್ಟಿಗೆಯ ಮಾತು, ಕಡಿದು, ಹೊತ್ತು ತಂದು, ಕೂಡಿಟ್ಟದ್ದರ ಮಾತಲ್ಲ.

ನಮ್ಮ ತಂಗಿಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಕಥೆ ಇಲ್ಲ. ಲೋಕದಲ್ಲಿ ಬಿದ್ದಿರುವ ವಿನ್ಯಾಸಗಳು ಎರಡು ಬಗೆ. ಚೌಕ, ತ್ರಿಕೋನ, ಎಲೆ, ಸೂರ್ಯ, ಹೊಲದ ಬದು ಇವು ಕಾಡಿನ ಕಟ್ಟಿಗೆ. ಯಾರೂ ತಮ್ಮದು ಅನ್ನುವ ಹಾಗಿಲ್ಲ. ಇನ್ನೊಂದು ಬಗೆ, ಒಂದು ಜನ ತಲೆಮಾರುಗಟ್ಟಲೆ ಕೂತು, ಇಂಥ ಬಣ್ಣದ ಪಕ್ಕ ಇಂಥ ಬಣ್ಣ, ಇಂಥ ಹೊಲಿಗೆಯ ಮೇಲೆ ಇಂಥ ಕನ್ನಡಿ ಎಂದು ಕೂಡಿಸಿ ಕಟ್ಟಿದ್ದು. ಅದು ದಾಸ್ತಾನಿನ ಮರ. ಮೊಬೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಕಾಡಿನ ಕಟ್ಟಿಗೆ ಆಗುವುದಿಲ್ಲ.

*ಆ ಮರವನ್ನು ಕೂಡಿಟ್ಟವರು ಯಾರು?*

ಹ್ಮಾಂಗರು ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡಿನ ಗುಡ್ಡಗಳಲ್ಲಿ ಬದುಕುವ ಜನ. ತಮ್ಮ ಕಸೂತಿಗೆ ಅವರು "ಹೂವಿನ ಬಟ್ಟೆ" ಎಂಬ ಅರ್ಥದ ಹೆಸರು ಇಟ್ಟಿದ್ದಾರೆ. ಬೆನ್ನಿಗೆ ಕೂಸನ್ನು ಕಟ್ಟಿಕೊಳ್ಳುವ ಬಟ್ಟೆಗೆ ಅತಿ ಹೆಚ್ಚು ಕೆಲಸ ಮಾಡುತ್ತಾರೆ, ಯಾಕೆಂದರೆ ಆ ಗೆರೆಗಳು ಕೂಸನ್ನು ಕಾಯುತ್ತವೆ ಎಂದು ಅವರ ನಂಬಿಕೆ. ನಮ್ಮಲ್ಲಿ ಕೂಸಿಗೆ ಕುಂಚಿಗೆ ಹೊಲಿಯುವ ಅಜ್ಜಿಯ ಮನಸ್ಸೂ ಅದೇ ಅಲ್ಲವೇ? 1975ರಲ್ಲಿ ಲಾವೋಸಿನಲ್ಲಿ ಅಧಿಕಾರ ಬದಲಾದಾಗ ಸಾವಿರಾರು ಹ್ಮಾಂಗ್ ಕುಟುಂಬಗಳು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ನಿರಾಶ್ರಿತರ ಶಿಬಿರ ಸೇರಿದವು. ಹೊಲ ಇಲ್ಲ, ಮನೆ ಇಲ್ಲ, ಕೈಯಲ್ಲಿ ಸೂಜಿ ಒಂದೇ ಇತ್ತು. ಶಿಬಿರದಲ್ಲಿ ಕೂತು ಕಸೂತಿ ಹೊಲಿದು ಮಾರಿದರು. ಕೊಳ್ಳುವವರಿಗೆ ಹಿಡಿಸಲಿ ಎಂದು ಬಣ್ಣ ಬದಲಿಸಿದರು, ಹಾಸಿಗೆ ಹೊದಿಕೆಯ ಅಳತೆಗೂ ಹೊಲಿದರು. ಯುದ್ಧ, ಓಟ, ನದಿ ದಾಟಿದ್ದು ಎಲ್ಲವನ್ನೂ ಬಟ್ಟೆಯ ಮೇಲೆ ಚಿತ್ರವಾಗಿ ಹೊಲಿದರು. ಅಂದರೆ ತಂಗಿ ಮೊಬೈಲಿನಲ್ಲಿ ನೋಡಿದ "ಚಂದದ ಡಿಸೈನ್" ಒಂದು ಜನರ ಬುತ್ತಿಯೂ ಹೌದು, ನೆನಪೂ ಹೌದು.

ಲಂಬಾಣಿ ಕಸೂತಿಯ ಕಥೆಯೂ ಬೇರೆಯಲ್ಲ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಜನ. ರೈಲು ಬಂದ ಮೇಲೆ ಆ ಕಸುಬು ಹೋಯಿತು. ಫೇಟಿಯಾ, ಕಾಂಚಳಿ, ತಲೆ ಮೇಲಿನ ಟುಕ್ರಿ ಇವುಗಳ ಮೇಲಿನ ಕನ್ನಡಿ, ಕವಡೆ, ನಾಣ್ಯ, ತುಂಡು ಬಟ್ಟೆಗಳನ್ನು ನಾವು ಬಾಲ್ಯದಿಂದ ಸಂತೆಯಲ್ಲಿ ನೋಡಿದ್ದೇವೆ. ನೋಡಿ ನಕ್ಕವರೂ ನಮ್ಮಲ್ಲಿ ಉಂಟು. ಈಗ ಅದೇ ಕಸೂತಿ ನಗರದ ಅಂಗಡಿಯಲ್ಲಿ ಫ್ಯಾಷನ್ ಆಗಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಶಲ ಕಲಾ ಕೇಂದ್ರದ ಮೂಲಕ ತಾಂಡಾದ ಹೆಣ್ಣುಮಕ್ಕಳು ಮಾಡುವ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಜಿಐ ಕಾನೂನು 1999ರದ್ದು. ಅದು ಕಾಯುವುದು ಹೆಸರನ್ನು. ಸಂಡೂರಿನದಲ್ಲದ ಬಟ್ಟೆಗೆ ಸಂಡೂರು ಲಂಬಾಣಿ ಕಸೂತಿ ಎಂದು ಹೆಸರಿಟ್ಟು ಮಾರಿದರೆ ತಪ್ಪು. ಆದರೆ ಆ ಹೊಲಿಗೆಯನ್ನು ಕಲಿತು ತನ್ನ ಮನೆಯಲ್ಲಿ ಹೊಲಿಯುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ಕಾನೂನಿನ ಪ್ರಕಾರ ತಂಗಿ ನಿಶ್ಚಿಂತೆಯಿಂದ ಇರಬಹುದು. ಶೀಲ ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತದೆ, ಅದಕ್ಕೇ ಅದು ಶೀಲ.

*ಹಾಗಾದರೆ ಕಲಿಯಲೇಬಾರದೇ?*

ಹಾಗೆ ಹೇಳಿದರೆ ಧಮ್ಮಕ್ಕೇ ಅನ್ಯಾಯ. ಚೀವರದ ಕಥೆ ನೆನಪಿಸಿಕೊಳ್ಳಿ. ಭಗವಾನರು ರಾಜಗೃಹದಿಂದ ದಕ್ಷಿಣಗಿರಿಯ ಕಡೆಗೆ ಹೋಗುವಾಗ ಮಗಧದ ಹೊಲಗಳನ್ನು ನೋಡಿದರು. ಸಾಲು ಸಾಲಾಗಿ ಮಡಿಗಳು, ನಡುವೆ ಬದುಗಳು, ಅಡ್ಡ ಬದುಗಳು. ಆನಂದರನ್ನು ಕರೆದು, ಭಿಕ್ಖುಗಳ ಚೀವರವನ್ನು ಹೀಗೆ ಹೊಲಿಯಲು ಸಾಧ್ಯವೇ ಎಂದು ಕೇಳಿದರು. ಆನಂದರು ತುಂಡು ತುಂಡು ಬಟ್ಟೆ ಜೋಡಿಸಿ ಹಾಗೇ ಹೊಲಿದು ತೋರಿಸಿದರು. ಇಂದಿಗೂ ಚೀವರದ ಮೇಲೆ ರೈತನ ಹೊಲ ಇದೆ. ಅಂದರೆ ನೋಡಿ ಕಲಿಯುವುದನ್ನು ಬುದ್ಧರು ತಪ್ಪು ಅನ್ನಲಿಲ್ಲ. ಆದರೆ ಯಾವ ರೈತನ ಬೆಳೆಯೂ ಅದರಿಂದ ಕಡಿಮೆ ಆಗಲಿಲ್ಲ. ಹೊಲವನ್ನು ನೋಡಿದ್ದು ಎಂಬುದನ್ನೂ ಮರೆಮಾಚಲಿಲ್ಲ, ಎರಡೂವರೆ ಸಾವಿರ ವರ್ಷದ ನಂತರವೂ ನಮಗೆ ಗೊತ್ತಿದೆ.

ಇಲ್ಲಿಂದ ಎರಡು ಪರೀಕ್ಷೆ ಸಿಗುತ್ತವೆ. ಒಂದು, ನಾನು ಕಲಿತದ್ದು ಎಲ್ಲಿಂದ ಎಂದು ಹೇಳುತ್ತಿದ್ದೇನೆಯೇ? ಎರಡು, ನನ್ನ ಕೆಲಸದಿಂದ ಅವರ ಬೆಳೆ ಕಡಿಮೆ ಆಗುತ್ತಿದೆಯೇ?

ಮೊದಲನೆಯದು ಸುಲಭ, ಖರ್ಚೂ ಇಲ್ಲ. ನಮ್ಮ ಜಿಲ್ಲೆಯಲ್ಲೇ, ಭೀಮಾ ದಂಡೆಯ ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪ ನೋಡಿದವರಿಗೆ ಗೊತ್ತು. ಅಲ್ಲಿ ಅಶೋಕನ ಶಿಲ್ಪದ ಮೇಲೆ ಹೆಸರು ಬರೆದಿದೆ. ಅದನ್ನು ನೋಡಲು ಎಲ್ಲರೂ ಹೋಗುತ್ತೇವೆ. ಆದರೆ ಆ ಕಲ್ಲುಗಳ ಮೇಲೆ ದಾನ ಕೊಟ್ಟ ಸಾಮಾನ್ಯ ಜನರ ಹೆಸರುಗಳೂ ಇವೆ, ಹೆಣ್ಣುಮಕ್ಕಳ ಹೆಸರುಗಳೂ ಇವೆ. ಕೊಟ್ಟವರ ಹೆಸರು ಉಳಿಸುವುದು ನಮ್ಮ ನೆಲದ ಹಳೆಯ ಪದ್ಧತಿ. ಚೀಲದ ಒಳಗೆ ಒಂದು ಸಣ್ಣ ಚೀಟಿ ಇಟ್ಟರೆ ಸಾಕು: "ಲಂಬಾಣಿ ಕಸೂತಿಯಿಂದ ಕಲಿತದ್ದು, ಹ್ಮಾಂಗ್ ಜನರ ವಿನ್ಯಾಸ ನೋಡಿ ಹೊಲಿದದ್ದು, ಖಜೂರಿಯಲ್ಲಿ ಹೊಲಿದದ್ದು." ಇದರಲ್ಲಿ ಸುಳ್ಳಿಲ್ಲ, ಹಾಗಾಗಿ ನಾಲ್ಕನೇ ಶೀಲವೂ ಉಳಿಯಿತು.

ಎರಡನೆಯ ಪರೀಕ್ಷೆ ಕಠಿಣ. ಯಾಕೆಂದರೆ ಅದು ತಂಗಿಯ ಮನೆಯೊಳಗೇ ಬಂದು ಕೂಡುತ್ತದೆ.

*ಕೊಡದೇ ಇದ್ದ ವೇಳೆ*

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಯ ಲೆಕ್ಕ. ನಿಮ್ಮ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ. ಒಂದು ಕಸೂತಿ ಚೀಲಕ್ಕೆ ಬಟ್ಟೆ, ದಾರ, ಕನ್ನಡಿ, ಜಿಪ್ ಸೇರಿ 90 ರೂಪಾಯಿ. ಕೂಸು ಮಲಗಿದಾಗ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಂದು ಹೊಲಿದದ್ದೆಲ್ಲ ಕೂಡಿಸಿದರೆ 12 ತಾಸು. ಮಾರಿದ್ದು 250 ರೂಪಾಯಿಗೆ. ಉಳಿದದ್ದು 160. ತಾಸಿಗೆ 13 ರೂಪಾಯಿ ಚಿಲ್ಲರೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ದಿನಕ್ಕೆ ಎಂಟು ತಾಸು ಎಂದು ಹಿಡಿದರೆ ತಾಸಿಗೆ 46 ರೂಪಾಯಿ.

ಆದರೂ ತಂಗಿಗೆ ಖುಷಿ, ಮನೆಯವರಿಗೂ ಖುಷಿ. "ಹ್ಯಾಂಗೂ ಮನ್ಯಾಗೇ ಇರ್ತಿ, ಸುಮ್ಮ ಕೂಡೋದಕ್ಕಿಂತ ಛಲೋ ಆತಲ್ಲ" ಎನ್ನುತ್ತಾರೆ. ಎಂಟು ತಿಂಗಳ ಕೂಸಿನ ತಾಯಿ ಸುಮ್ಮನೆ ಕೂತದ್ದನ್ನು ಯಾರಾದರೂ ನೋಡಿದ್ದೀರಾ? ಆ 12 ತಾಸು ಆಕೆಯ ನಿದ್ದೆಯಿಂದ ಬಂದದ್ದು. ಅದಕ್ಕೆ ಬೆಲೆ ಇಲ್ಲ ಎಂದು ತೀರ್ಮಾನಿಸಿದ್ದು ಯಾರು? ಆಕೆ ಅದನ್ನು ಕೊಟ್ಟಳೇ, ಅಥವಾ ಯಾರೂ ಕೇಳದೆ ಅದು ಹೋಯಿತೇ?

"ತಾಯಿ ಅಂದಮ್ಯಾಲೆ ತ್ಯಾಗ, ಅದು ದಾನ" ಎಂದು ಯಾರಾದರೂ ಹೇಳಬಹುದು. ದಾನ ಯಾವುದು ಎಂಬುದಕ್ಕೂ ಸುತ್ತಗಳಲ್ಲಿ ಗುರುತು ಇದೆ. ಕೊಡುವ ಮೊದಲು ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ, ಮೂರೂ ಕೊಡುವವರ ಮನಸ್ಸಿನಲ್ಲಿ ಇರಬೇಕು. ಲೆಕ್ಕವೇ ಹಾಕದೆ, ತನ್ನಲ್ಲಿ ಕೊಡುವಂಥದ್ದು ಏನಿದೆ ಎಂದೇ ತಿಳಿಯದೆ ಕೈಬಿಟ್ಟು ಹೋದದ್ದು ದಾನ ಆಗುವುದಿಲ್ಲ. ಅದೂ ಅದಿನ್ನಾದಾನವೇ. ತೆಗೆದುಕೊಂಡವರು ಬೇರೆ ಬೇರೆ: ಕೊಂಡವರು, ಮನೆಯವರು, ಮಾರುಕಟ್ಟೆ.

ಇದರ ಪರಿಣಾಮ ಆಕೆಯ ಮನೆಯಲ್ಲೇ ನಿಲ್ಲುವುದಿಲ್ಲ. ಅದೇ ಗಿರಾಕಿ ನಾಳೆ ಕಸೂತಿಯನ್ನೇ ನಂಬಿ ಬದುಕುವ ತಾಂಡಾದ ಅಕ್ಕನ ಹತ್ತಿರ ಹೋಗುತ್ತಾರೆ. ಆಕೆ 600 ಕೇಳಿದರೆ, "ಖಜೂರ್‍ಯಾಗ 250ಕ್ಕ ಸಿಗ್ತದ" ಎನ್ನುತ್ತಾರೆ. ಆಕೆಗೆ ಬೇರೆ ದಾರಿ ಇಲ್ಲದಿದ್ದರೆ ಬೆಲೆ ಇಳಿಸುತ್ತಾಳೆ. ವಿನ್ಯಾಸ ಕಲಿತದ್ದರಿಂದ ಆಕೆಗೆ ಏನೂ ಕಡಿಮೆ ಆಗಿರಲಿಲ್ಲ. ಕಡಿಮೆ ಆದದ್ದು ಇಲ್ಲಿ, ಬೆಲೆಯಲ್ಲಿ. ತಂಗಿಯಿಂದ ಕೇಳದೆ ಹೋದ ವೇಳೆ, ಅಕ್ಕನಿಂದ ಕೇಳದೆ ಹೋದ ಅನ್ನ ಆಯಿತು. ಇಬ್ಬರೂ ಬಡವರು, ಇಬ್ಬರ ನಡುವೆ ದ್ವೇಷವೂ ಇಲ್ಲ. ಆದರೂ ಹೀಗಾಗುತ್ತದೆ. ಇದನ್ನೇ ಅಲ್ಲವೇ ನಾವು ಪ್ರತೀತ್ಯಸಮುತ್ಪಾದ ಎಂದು ಕಲಿಯುವುದು? ಒಂದರ ಮೇಲೆ ಒಂದು ನಿಂತಿದೆ, ಒಂದು ಜಾರಿದರೆ ಇನ್ನೊಂದು ಜಾರುತ್ತದೆ.

ಹಾಗಾಗಿ ಎರಡನೇ ಶೀಲ ತಂಗಿಗೆ ಹೇಳುವ ಮಾತು ಆಕೆ ಊಹಿಸಿದ್ದಕ್ಕಿಂತ ಬೇರೆ. ಆಕೆ "ನಾನು ಬೇರೆಯವರದ್ದನ್ನು ತೆಗೆದುಕೊಂಡೆನೇ" ಎಂದು ಹೆದರಿದ್ದಳು. ಅದಕ್ಕಿಂತ ಮೊದಲು ನೋಡಬೇಕಾದದ್ದು ಆಕೆಯಿಂದಲೇ ಏನು ಹೋಗುತ್ತಿದೆ ಎಂಬುದನ್ನು. ತನ್ನ ವೇಳೆಗೆ ಬೆಲೆ ಕಟ್ಟುವುದು ಲೋಭವಲ್ಲ. ತನ್ನ ಬೆಲೆ ಹಿಡಿದು ನಿಂತವಳು ಪಕ್ಕದವಳ ಬೆಲೆಯನ್ನೂ ಕಾಯುತ್ತಾಳೆ.

*ಬಾಬಾಸಾಹೇಬರ ಮಾತು*

1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರ ಆಕೆಯೊಬ್ಬಳ ಮೇಲೆ ಬೀಳಬಾರದು ಎಂಬುದು ಅವರ ವಾದದ ಸಾರ. ಮರುವರ್ಷ ಕಾಯ್ದೆ ಆಯಿತು. ಈಗ 2017ರ ತಿದ್ದುಪಡಿಯ ನಂತರ ಕಂಪನಿ, ಕಾರ್ಖಾನೆಯಲ್ಲಿ ದುಡಿಯುವ ತಾಯಿಗೆ ಸಂಬಳ ಸಹಿತ 26 ವಾರ ರಜೆ ಇದೆ. ಮನೆಯಲ್ಲಿ ಕೂತು ಹೊಲಿಯುವ ತಾಯಿಗೆ ಅಂಥ ರಜೆ ಇಲ್ಲ, ಯಾಕೆಂದರೆ ಆಕೆ ಕೆಲಸದಲ್ಲಿ ಇದ್ದಾಳೆ ಎಂದೇ ಯಾರೂ ಬರೆದುಕೊಂಡಿಲ್ಲ. ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರ ಹಾಗೆ ಕಾಣಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಸರ್ಕಾರ ಮಾಡುವುದು ಸರ್ಕಾರ ಮಾಡಲಿ, ನಾವು ಕೇಳುತ್ತಲೇ ಇರೋಣ. ಅಲ್ಲಿಯತನಕ ಮನೆಯಲ್ಲಿ ಆಗುವುದು ಆಗಲಿ. ಸಿಗಾಲನಿಗೆ ಭಗವಾನರು ಗಂಡನ ಕರ್ತವ್ಯ ಹೇಳುವಾಗ ಹೆಂಡತಿಯನ್ನು ಗೌರವಿಸುವುದು, ಹೀಗಳೆಯದಿರುವುದು, ಮನೆಯ ಅಧಿಕಾರ ಕೊಡುವುದು ಎಂದು ಎಣಿಸಿದ್ದಾರೆ. ಓದುವ ಉಪಾಸಕರು ಇದನ್ನು ಇವತ್ತಿನ ಭಾಷೆಗೆ ಇಳಿಸಿಕೊಳ್ಳಬಹುದು: ದಿನಕ್ಕೆ ಒಂದು ತಾಸು ಕೂಸನ್ನು ನೀವು ಎತ್ತಿಕೊಳ್ಳಿ. ಆಕೆ ಆ ತಾಸಿನಲ್ಲಿ ಹೊಲಿಯಲಿ ಅಥವಾ ಮಲಗಲಿ, ಅದು ಆಕೆಯ ಇಷ್ಟ. ಕೊಡುವ ಮೊದಲು ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ ಇರಲಿ. ಆಗ ಅದು ನಿಜವಾದ ದಾನ.

*ಒಂದು ಆಕ್ಷೇಪ*

ಬಳಗದ ಕೆಲವರು ಹೇಳಬಹುದು: "ದೊಡ್ಡ ದೊಡ್ಡ ಕಂಪನಿಗಳು ಹ್ಮಾಂಗ್ ಕಸೂತಿಯನ್ನೂ ಲಂಬಾಣಿ ಕಸೂತಿಯನ್ನೂ ಯಂತ್ರದಲ್ಲಿ ಪ್ರಿಂಟ್ ಹೊಡೆದು ಲಕ್ಷಗಟ್ಟಲೆ ಮಾರ್ತಾರ. ಖಜೂರಿಯ ಬಡ ಹೆಣ್ಣುಮಗಳಿಗೆ ಯಾಕ ಈ ಪಾಠ?" ಮಾತಿನಲ್ಲಿ ಸತ್ಯ ಇದೆ. ಕರ್ಮದ ತೂಕ ಚೇತನದ ಮೇಲೆ, ಅಂದರೆ ಮನಸ್ಸಿನ ಉದ್ದೇಶದ ಮೇಲೆ, ಮತ್ತು ಆಗುವ ಹಾನಿಯ ಮೇಲೆ ನಿಂತಿದೆ. ಲಾಭಕ್ಕಾಗಿ ತಿಳಿದೂ ತಿಳಿದೂ ಹೆಸರು ಅಳಿಸುವವರಿಗೂ, ಕೂಸಿನ ಹಾಲಿಗೆ ಎಂದು ಒಂದು ಚೀಲ ಹೊಲಿಯುವವಳಿಗೂ ತೂಕ ಒಂದೇ ಅಲ್ಲ. ಆದರೆ ಶೀಲ ಬೇರೆಯವರನ್ನು ಅಳೆಯುವ ಗಜಕಡ್ಡಿ ಅಲ್ಲ. ತಂಗಿ ಕೇಳಿದ್ದು ತನಗಾಗಿ. ಕೇಳಿದವಳಿಗೆ ಪೂರ್ತಿ ಉತ್ತರ ಕೊಡುವುದು ಆಕೆಗೆ ತೋರಿಸುವ ಗೌರವ.

ಇನ್ನೊಂದು ತೊಡಕಿದೆ. ಧನಿಯನ ಕಟ್ಟಿಗೆಗೆ ಒಬ್ಬ ರಾಜನಿದ್ದ, ದಾಸ್ತಾನಿಗೆ ಒಬ್ಬ ಕಾವಲುಗಾರನಿದ್ದ. ಒಂದು ಜನರ ಕಸೂತಿಗೆ "ತೆಗೆದುಕೋ" ಎಂದು ಅಪ್ಪಣೆ ಕೊಡುವವರು ಯಾರು? ಒಬ್ಬ ಅಕ್ಕ ಹೂಂ ಅಂದರೆ ಎಲ್ಲ ತಾಂಡಾದವರೂ ಹೂಂ ಅಂದ ಹಾಗೆ ಆಗುವುದಿಲ್ಲ. ಕೊಡುವವರು ಇಂಥವರೇ ಎಂದು ಗೊತ್ತಿಲ್ಲದಿದ್ದಾಗ ಜವಾಬ್ದಾರಿ ತೆಗೆದುಕೊಳ್ಳುವವರ ಮೇಲೆ ಬೀಳುತ್ತದೆ. ಅಪ್ಪಣೆಯ ಬದಲು ನಡತೆಯಿಂದಲೇ ತೋರಿಸಬೇಕಾಗುತ್ತದೆ.

*ಆಚರಣೆಗೆ*

1. ಕೈಗೆ ಸಿಗುವ ದೂರದವರಿಂದ ಮೊದಲು ಕಲಿಯಿರಿ. ಥಾಯ್ಲೆಂಡಿನ ಹ್ಮಾಂಗ್ ಅಕ್ಕನ ಹೆಸರನ್ನಷ್ಟೇ ನಾವು ಹೇಳಬಹುದು. ಪಕ್ಕದ ತಾಂಡಾದ ಅಕ್ಕನ ಪಕ್ಕದಲ್ಲಿ ಕೂತು ಕಲಿಯಬಹುದು, ಕಲಿಸಿದ್ದಕ್ಕೆ ಕೂಲಿ ಕೊಡಬಹುದು, ಕನ್ನಡಿ ಕೆಲಸದ ತುಂಡನ್ನು ಆಕೆಯಿಂದಲೇ ಕೊಂಡು ಚೀಲಕ್ಕೆ ಜೋಡಿಸಬಹುದು.

2. ಎಲ್ಲಿಂದ ಕಲಿತದ್ದು ಎಂದು ಚೀಟಿಯಲ್ಲಿ ಬರೆಯಿರಿ. ಅಸಲಿ ಲಂಬಾಣಿ, ಅಸಲಿ ಹ್ಮಾಂಗ್ ಎಂದು ಮಾತ್ರ ಬರೆಯಬೇಡಿ.

3. ಒಂದು ವಾರ ಪೂರ್ತಿ ಹೊಲಿದ ವೇಳೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಕೂಡಿಸಿ ಮನೆಯವರಿಗೆ ತೋರಿಸಿ. ಆಮೇಲೆ ಬೆಲೆ ಹೇಳಿ. ಕಡಿಮೆಗೆ ಕೊಡಲೇಬೇಕು ಅನ್ನಿಸಿದರೆ ಕೊಡಿ, ಆದರೆ ಎಷ್ಟು ಕೊಟ್ಟೆ ಎಂದು ತಿಳಿದು ಕೊಡಿ.

4. ಕೂಸು ತೆವಳುವ ಮನೆಯಲ್ಲಿ ಸೂಜಿ, ಮಣಿ, ಕನ್ನಡಿ ಚೂರು ಅಪಾಯ. ಭಿಕ್ಖುವಿನ ಎಂಟು ಪರಿಕರಗಳಲ್ಲಿ ಸೂಜಿಯೂ ಒಂದು. ಹೊಲಿಯಲು ಕೂಡುವಾಗ ಸೂಜಿ ಎಣಿಸಿ, ಏಳುವಾಗ ಮತ್ತೆ ಎಣಿಸಿ ಡಬ್ಬಿಯಲ್ಲಿ ಇಡಿ. ಇದಕ್ಕಿಂತ ಒಳ್ಳೆಯ ಸತಿ ಅಭ್ಯಾಸ ಆ ಹೊತ್ತಿಗೆ ಇನ್ನೊಂದಿಲ್ಲ.

5. ನಿಮ್ಮ ಮನೆಯದ್ದನ್ನೂ ಮರೆಯಬೇಡಿ. ಅಜ್ಜಿಯ ಹಳೆ ಸೀರೆಯ ಕೌದಿ, ಖಣದ ಕುಂಚಿಗೆ ಇವೂ ತುಂಡು ಜೋಡಿಸಿದ ಚೀವರದ ಬಳಗವೇ. ಅದನ್ನು ನಿಮಗೆ ಕೊಟ್ಟವರು ಇದ್ದಾರೆ, ಕೈಹಿಡಿದು ಕಲಿಸಿದ್ದಾರೆ.

ತಂಗಿ, ನಿನ್ನ ಚೀಲ ಹೊಲಿ. ಕೂಸು ಎದ್ದರೆ ಬಿಟ್ಟು ಏಳು, ಹೊಲಿಗೆ ಅಲ್ಲೇ ಕಾಯುತ್ತದೆ. ಮಾರುವಾಗ ಎರಡು ಹೆಸರು ಹೇಳು, ಕಲಿಸಿದವರದ್ದು ಮತ್ತು ನಿನ್ನದು. ಎರಡಕ್ಕೂ ಬೆಲೆ ಇದೆ.

ಭಾನುವಾರದ ಅಧ್ಯಯನದಲ್ಲಿ ಇದೇ ವಿಷಯ ಇಟ್ಟುಕೊಳ್ಳೋಣ. ಒಪ್ಪದವರು ಒಪ್ಪದ ಕಾರಣ ಬರೆದು ತನ್ನಿ. ತಾಂಡಾದ ಅಕ್ಕಂದಿರು ಯಾರಾದರೂ ಬರುವುದಾದರೆ ಮೊದಲು ಅವರ ಮಾತು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. 🪷
ನಮೋ ಬುದ್ಧಾಯ, ಜೈ ಭೀಮ್ 🙏